ಹದಿನೈದನೆಯವನು

ಕನ್ನಡ ಪಾಠ ಹೇಳುವವನಿಗೆ ಬ್ಯಾಸ್ಕೆಟ್‌ಬಾಲಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಮಿತ್ರರು ಈ ಪ್ರಶ್ನೆಯನ್ನು ಆಗಲೇ ಕೇಳಿಯಾಗಿದೆ. ಇಪ್ಪತ್ತು ವರ್ಷಗಳಿಂದ ಹಳಗನ್ನಡವನ್ನು ಬೋಧಿಸುತ್ತ ಬಂದಿರುವ ನಾನು ಚೆಂಡನ್ನು ಕೈಯಲ್ಲಿ ಹಿಡಿದವನಲ್ಲ. ಆಟದ ಮೈದಾನವನ್ನು ತರಗತಿಯ ಕಿಟಕಿಯಿಂದ ನೋಡಿ, ಅಲ್ಲಿನ ಗದ್ದಲಕ್ಕೆ ಮುಖ ಸಿಂಡರಿಸಿದವನು. ಆದರೂ ಈ ಲೇಖನವನ್ನು ಬರೆಯಬೇಕಾಯಿತು. ಅದಕ್ಕೆ ಕಾರಣ ನಾನೇ ಬರೆದ ಒಂದು ವಾಕ್ಯ.

ಕಳೆದ ವರ್ಷ ಪೋಷಕರ ಸಭೆಗೆಂದು ಸಿದ್ಧಪಡಿಸುವ ಪ್ರಗತಿಪತ್ರಗಳಲ್ಲಿ, ಬಿ.ಎ. ಎರಡನೆಯ ವರ್ಷದ ಒಬ್ಬ ಹುಡುಗನ ಹೆಸರಿನ ಮುಂದೆ, ‘ಸಹಪಾಠಿಗಳಿಗೆ ಹೋಲಿಸಿದರೆ ಪ್ರಗತಿ ಸಾಲದು’ ಎಂದು ಷರಾ ಬರೆದಿದ್ದೆ. ಒಂದು ಮಧ್ಯಾಹ್ನದಲ್ಲಿ ನೂರು ಪತ್ರಗಳನ್ನು ಮುಗಿಸಬೇಕಾದವನಿಗೆ ಇಂಥ ನಾಲ್ಕೈದು ವಾಕ್ಯಗಳು ಸದಾ ನಾಲಗೆಯ ತುದಿಯಲ್ಲಿರುತ್ತವೆ. ಮರುದಿನ ಆ ಹುಡುಗ ಪತ್ರವನ್ನು ಹಿಡಿದು ಬಂದು ನಿಂತ. ಎತ್ತರದ ಆಳು, ಮಾತು ಕಡಿಮೆ; ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದಾನೆ ಎಂಬುದಷ್ಟೇ ಅವನ ವಿಷಯವಾಗಿ ನನಗೆ ತಿಳಿದಿದ್ದದ್ದು.

“ಸಾರ್, ಯಾರಿಗೆ ಹೋಲಿಸಿದರೆ?” ಎಂದ. ದನಿಯಲ್ಲಿ ಉದ್ಧಟತನವಿರಲಿಲ್ಲ.

“ತರಗತಿಗಪ್ಪ,” ಎಂದೆ.

“ಹೋದ ವರ್ಷ ನಾನು ಹೇಗಿದ್ದೆನೋ ಅದಕ್ಕೆ ಹೋಲಿಸಿದರೆ, ಸಾರ್?”

ಹೋದ ವರ್ಷ ಅವನು ಹೇಗಿದ್ದನೆಂಬುದು ನನಗೆ ನೆನಪಿರಲಿಲ್ಲ. ಆ ಮಾತನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಆಗಲಿಲ್ಲ. ಎರಡು ದಿನ ಬಿಟ್ಟು ಅವನು ನೂರು ಪುಟದ ಒಂದು ನೋಟುಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, “ಬಿಡುವಾದಾಗ ನೋಡಿ ಸಾರ್,” ಎಂದು ಹೊರಟುಹೋದ. ಅದರ ತುಂಬ ಅಂಕೆಗಳು. ಒಬ್ಬ ಆಟಗಾರನ ವರ್ಷವರ್ಷದ ಲೆಕ್ಕ, ಅದರ ಪಕ್ಕದಲ್ಲಿ ಅವನ ಓರಗೆಯವರ ಲೆಕ್ಕ. ಹುಡುಗ ಅದನ್ನು ನನಗೆ ಉತ್ತರವಾಗಿ ಕೊಟ್ಟನೋ, ತನಗೆ ಬಲ್ಲ ಒಂದೇ ಭಾಷೆಯಲ್ಲಿ ತನ್ನ ಅಹವಾಲನ್ನು ಬರೆದುಕೊಟ್ಟನೋ ಹೇಳಲಾರೆ. ನಾನಂತೂ ನಾಚಿಕೆಯಿಂದ ಅದನ್ನು ಮನೆಗೊಯ್ದು ಓದಿದೆ. ಅನಂತರ ಆಟವನ್ನೂ ನೋಡಿದೆ.

ಆಟಗಾರನ ಹೆಸರು ಯಾನಿಸ್ ಅಂಟೆಟೊಕೂಂಪೊ. ಈ ಹೆಸರಿನಲ್ಲಿಯೇ ಒಂದು ಕಥೆಯಿದೆ. ತಂದೆತಾಯಿಗಳು ನೈಜೀರಿಯದಿಂದ ಗ್ರೀಸಿಗೆ ವಲಸೆ ಬಂದವರು. ತಂದೆಯ ಕಡೆಯ ಯೊರುಬಾ ಭಾಷೆಯಲ್ಲಿ ಮನೆತನದ ಹೆಸರು ಅದೆಟೊಕುನ್ಬೊ; ಕಡಲಾಚೆಯಿಂದ ಮರಳಿದ ಕಿರೀಟ ಎಂಬ ಅರ್ಥದ್ದು. ಗ್ರೀಕ್ ಲಿಪಿಯಲ್ಲಿ ನಮ್ಮ ದಕಾರವನ್ನೂ ಬಕಾರವನ್ನೂ ಒಂದೊಂದು ಅಕ್ಷರದಿಂದ ಬರೆಯುವಂತಿಲ್ಲ. ನಕಾರ ತಕಾರಗಳನ್ನು ಕೂಡಿಸಿ ‘ದ’ ಎನ್ನಿಸಬೇಕು, ಮಕಾರ ಪಕಾರಗಳನ್ನು ಕೂಡಿಸಿ ‘ಬ’ ಎನ್ನಿಸಬೇಕು. ಹಾಗೆ ಗ್ರೀಕಿನಲ್ಲಿ ಬರೆದುದನ್ನು ರೋಮನ್ ಲಿಪಿಗೆ ಅಕ್ಷರಕ್ಕಕ್ಷರವಾಗಿ ಇಳಿಸಿದಾಗ, ಯಾವ ಭಾಷೆಯಲ್ಲಿಯೂ ಇಲ್ಲದ ಈ ರೂಪ ಹುಟ್ಟಿತು. ಕನ್ನಡ ಲಿಪಿಗೆ ಈ ತೊಡಕೇ ಇಲ್ಲ ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಇಲ್ಲಿ ದಾಖಲಿಸುತ್ತೇನೆ.

ಆತ ಹುಟ್ಟಿದ್ದು ೧೯೯೪ರ ಡಿಸೆಂಬರ್ ೬ರಂದು, ಅಥೆನ್ಸ್ ನಗರದಲ್ಲಿ. ಬೆಳೆದದ್ದು ಸೆಪೋಲಿಯಾ ಎಂಬ ಬಡಾವಣೆಯಲ್ಲಿ. ಬೀದಿಯಲ್ಲಿ ನಿಂತು ಕೈಗಡಿಯಾರ, ತಂಪುಕನ್ನಡಕ, ಕೈಚೀಲಗಳನ್ನು ಮಾರಿ ಮನೆಗೆ ನೆರವಾಗುತ್ತಿದ್ದ ಸಹೋದರರು ಇವರು. ಅಣ್ಣನೂ ತಾನೂ ಒಂದೇ ಜೊತೆ ಬೂಟನ್ನು ಹಂಚಿಕೊಂಡು ಆಡಿದವರು. ಗ್ರೀಸಿನಲ್ಲಿ ಹುಟ್ಟಿದ ಮಾತ್ರಕ್ಕೆ ಪೌರತ್ವ ದೊರೆಯುವುದಿಲ್ಲವಾದ್ದರಿಂದ, ಹದಿನೆಂಟು ತುಂಬುವವರೆಗೂ ಆತನಿಗೆ ಯಾವ ದೇಶವೂ ಇರಲಿಲ್ಲ. ಅಲ್ಲಿನ ಎರಡನೆಯ ದರ್ಜೆಯ ಪಂದ್ಯಗಳಲ್ಲಿ ಆಡುತ್ತಿದ್ದ ಫಿಲಾಥ್ಲಿಟಿಕೋಸ್ ಎಂಬ ಸಣ್ಣ ತಂಡದ ಹುಡುಗನನ್ನು ನೋಡಲು ಅಮೆರಿಕದ ದೊಡ್ಡ ತಂಡಗಳವರು ಬರತೊಡಗಿದ ಮೇಲೆ, ೨೦೧೩ರ ಮೇ ತಿಂಗಳಲ್ಲಿ, ಪೌರತ್ವ ಒದಗಿತು. ರಂಗಭೂಮಿಯಲ್ಲಿ ಬಿಲ್ಲು ಹಿಡಿದು ನಿಂತ ಕರ್ಣನನ್ನು ಕೃಪನು ಕುಲವೇನೆಂದು ಕೇಳಿದ, ಆ ಕ್ಷಣದಲ್ಲಿ ದುರ್ಯೋಧನ ಅಂಗರಾಜ್ಯವನ್ನು ಕಟ್ಟಿದ ಪ್ರಸಂಗವನ್ನು ನಾನು ಪ್ರತಿವರ್ಷವೂ ಪಾಠ ಹೇಳುತ್ತೇನೆ. ಸ್ಪರ್ಧಿಸುವ ಶಕ್ತಿ ಬೇರೆ, ಸ್ಪರ್ಧಿಸಲು ಬೇಕಾದ ಕಾಗದಪತ್ರ ಬೇರೆ.

ಅಮೆರಿಕದ ಎನ್.ಬಿ.ಎ. ಪಂದ್ಯಾವಳಿಗೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಒಂದು ಪದ್ಧತಿಯಿದೆ, ಡ್ರಾಫ್ಟ್ ಎನ್ನುತ್ತಾರೆ. ತಂಡಗಳು ಸರದಿಯ ಮೇಲೆ ಒಬ್ಬೊಬ್ಬರ ಹೆಸರು ಹೇಳುತ್ತವೆ. ಹಿಂದಿನ ವರ್ಷ ಸೋತು ಸುಣ್ಣವಾದವರಿಗೆ ಸಾಮಾನ್ಯವಾಗಿ ಮೊದಲ ಸರದಿಗಳು. ವರ್ಷಕ್ಕೆ ಅರವತ್ತು ಹೆಸರು. ನಮ್ಮ ರ‍್ಯಾಂಕ್ ಪಟ್ಟಿಯಂತೆಯೇ ಇದು. ವ್ಯತ್ಯಾಸವೆಂದರೆ, ನಮ್ಮದು ಪರೀಕ್ಷೆಯಾದ ಮೇಲೆ ಹೊರಡುತ್ತದೆ, ಅವರದು ಪರೀಕ್ಷೆಗೆ ಮುನ್ನ. ೨೦೧೩ರ ಜೂನ್ ೨೭ರಂದು ಮೊದಲನೆಯ ಹೆಸರಾಗಿ ಕ್ಲೀವ್‌ಲೆಂಡ್ ತಂಡ ಕೂಗಿದ್ದು ಕೆನಡದ ಆಂಥೊನಿ ಬೆನೆಟ್‌ನನ್ನು. ಆತ ಪವರ್ ಫಾರ್ವರ್ಡ್. ಹದಿನೈದನೆಯ ಹೆಸರಾಗಿ ಮಿಲ್ವಾಕಿ ಬಕ್ಸ್ ತಂಡ ಕೂಗಿದ್ದು ನಮ್ಮ ಯಾನಿಸನನ್ನು.

ಪವರ್ ಫಾರ್ವರ್ಡ್ ಎಂಬ ಪದವನ್ನು ವಿವರಿಸದೆ ಮುಂದೆ ಹೋಗಲಾರೆ. ಪಕ್ಕಕ್ಕೆ ಐವರು ಆಡುವ ಈ ಆಟದಲ್ಲಿ ಇಬ್ಬರು ಗಾರ್ಡುಗಳು, ಇಬ್ಬರು ಫಾರ್ವರ್ಡುಗಳು, ಒಬ್ಬ ಸೆಂಟರ್. ಫಾರ್ವರ್ಡುಗಳಲ್ಲಿ ಗಟ್ಟಿ ಮೈಯವನು ಪವರ್ ಫಾರ್ವರ್ಡ್. ಬುಟ್ಟಿಯ ಬಳಿ ನಿಂತು ನೂಕುನುಗ್ಗಲನ್ನು ತಾಳಿಕೊಳ್ಳುವುದು, ಗುರಿತಪ್ಪಿ ಚಿಮ್ಮಿದ ಚೆಂಡನ್ನು ಹಾರಿ ಹಿಡಿಯುವುದು, ಅಡ್ಡ ಬಂದವನನ್ನು ಮೈಯಿಂದಲೇ ಸರಿಸಿ ಚೆಂಡನ್ನು ಬುಟ್ಟಿಗೆ ಸೇರಿಸುವುದು ಬಹುಕಾಲ ಅವನ ಕೆಲಸವಾಗಿತ್ತು. ಮನೆಯಲ್ಲಿ ಬೀರುವನ್ನು ಸರಿಸಬೇಕಾದಾಗ ಕರೆಯುವ ಸೋದರಮಾವನಿದ್ದಂತೆ ಎಂದರೆ ಅತಿಶಯವಾಗದು. ಫಾರ್ವರ್ಡ್ ಎಂದರೆ ಮುಂದಿರುವವನು. ನಾವು ಸದಾ ಬಳಸುವ ‘ಪ್ರಗತಿ’ಯ ಮೂಲಾರ್ಥವೂ ಮುಂದಕ್ಕೆ ಹೋಗುವುದೇ ಅಲ್ಲವೇ? ಷರಾ ಬರೆಯುವ ಕೈಗೆ ಆ ಅರ್ಥ ಎಂದೋ ಮರೆತುಹೋಗಿದೆ.

೨೦೧೩ರಲ್ಲಿ ಯಾನಿಸನು ಇಂಥ ಕೆಲಸಕ್ಕೆ ಹೇಳಿಸಿದವನೇ ಅಲ್ಲ. ಆರು ಅಡಿ ಒಂಬತ್ತು ಅಂಗುಲ ಎತ್ತರ, ಕೋಲಿನಂಥ ಮೈ. ಮೊದಲ ವರ್ಷ ಪಂದ್ಯಕ್ಕೆ ಸರಾಸರಿ ೬.೮ ಅಂಕ, ೪.೪ ರಿಬೌಂಡ್. ಆ ವರ್ಷ ಮಿಲ್ವಾಕಿ ತಂಡ ೮೨ ಪಂದ್ಯಗಳಲ್ಲಿ ಗೆದ್ದದ್ದು ೧೫. ಇದು ತಂಡದ ದುರದೃಷ್ಟವಾದರೂ ಹುಡುಗನ ಅದೃಷ್ಟವಾಯಿತೆಂದು ನನ್ನ ಎಣಿಕೆ. ಗೆಲ್ಲುವ ತಂಡದಲ್ಲಿದ್ದಿದ್ದರೆ ಆತನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಡುತ್ತಿದ್ದರು. ಸೋಲುವ ತಂಡ ೭೭ ಪಂದ್ಯಗಳಲ್ಲಿ, ಸರಾಸರಿ ೨೪ ನಿಮಿಷಕ್ಕೂ ಮಿಕ್ಕು ಆಡಿಸಿತು. ತಪ್ಪುವುದಕ್ಕೆ ಅವಕಾಶವಿದ್ದರೆ ತಾನೆ ತಿದ್ದಿಕೊಳ್ಳುವುದು? ಮೊದಲ ದಿನಗಳಲ್ಲಿ ಆತ ಕೈಯಲ್ಲಿದ್ದ ಹಣವನ್ನೆಲ್ಲ ಅಥೆನ್ಸಿನ ಮನೆಗೆ ಕಳುಹಿಸಿ, ಟ್ಯಾಕ್ಸಿಗೆ ಕಾಸಿಲ್ಲದೆ ಆ ಊರಿನ ಚಳಿಯಲ್ಲಿ ಪಂದ್ಯದ ಕ್ರೀಡಾಂಗಣದತ್ತ ಓಡತೊಡಗಿದ, ದಾರಿಯಲ್ಲಿ ಕಂಡ ದಂಪತಿಗಳು ಕಾರಿನಲ್ಲಿ ಕೂರಿಸಿಕೊಂಡು ಬಿಟ್ಟರು ಎಂಬ ಪ್ರಸಂಗ ಪ್ರಸಿದ್ಧವಾಗಿದೆ.

ಮೊದಲನೆಯ ಹೆಸರಿನ ಬೆನೆಟ್ ಇನ್ನೊಂದು ದಿಕ್ಕಿನಲ್ಲಿ ನಡೆದ. ಭುಜದ ಶಸ್ತ್ರಚಿಕಿತ್ಸೆಯಾಗಿ ಅಭ್ಯಾಸವಿಲ್ಲದೆ ಬಂದವನು. ಬಂದ ತಂಡದಲ್ಲಿ ಆತನ ಜಾಗದಲ್ಲಿ ಆಗಲೇ ಬೇರೊಬ್ಬ ಯುವಕನಿದ್ದ. ಮೊದಲ ವರ್ಷ ಆಡಿದ್ದು ೫೨ ಪಂದ್ಯ, ಸರಾಸರಿ ೧೩ ನಿಮಿಷಕ್ಕೂ ಕಡಿಮೆ, ೪.೨ ಅಂಕ. ನಾಲ್ಕು ವರ್ಷಗಳಲ್ಲಿ ನಾಲ್ಕು ತಂಡ ಬದಲಾಯಿಸಿ, ಒಟ್ಟು ೧೫೧ ಪಂದ್ಯಗಳಿಗೆ ಅಲ್ಲಿನ ಆಟ ಮುಗಿಯಿತು. ಆತನನ್ನು ಹಾಸ್ಯ ಮಾಡುವುದು ಅಲ್ಲಿನ ಪತ್ರಿಕೆಗಳಲ್ಲಿ ಒಂದು ವಾಡಿಕೆಯೇ ಆಗಿಹೋಯಿತು. ನನಗೆ ಅದು ರುಚಿಸಲಿಲ್ಲ. ತನ್ನನ್ನು ಮೊದಲನೆಯವನೆಂದು ಕೂಗಿದವನು ಆತನಲ್ಲ, ಪಟ್ಟಿ ಮಾಡಿದವರು.

ಹುಡುಗನ ನೋಟುಪುಸ್ತಕದಲ್ಲಿ ಒಂದು ಪುಟದ ಮುಂದೆ ನಾನು ಬಹಳ ಹೊತ್ತು ಕುಳಿತೆ. ಅದೇ ವರ್ಷ ಹನ್ನೊಂದನೆಯವನಾಗಿ ಆಯ್ಕೆಯಾದ ಮೈಕೆಲ್ ಕಾರ್ಟರ್-ವಿಲಿಯಮ್ಸ್ ಎಂಬ ಗಾರ್ಡ್ ಇದ್ದಾನೆ. ಹೊಸಬರಲ್ಲೆಲ್ಲ ಶ್ರೇಷ್ಠನೆಂಬ ಪ್ರಶಸ್ತಿ ಆತನಿಗೇ ಬಂದಿತು. ಮೊದಲ ನಾಲ್ಕು ವರ್ಷಗಳಲ್ಲಿ ಆತನ ಸರಾಸರಿ ಅಂಕಗಳು: ೧೬.೭, ೧೪.೬, ೧೧.೫, ೬.೬. ಅದರ ಕೆಳಗೆ ಯಾನಿಸನ ಸಾಲು: ೬.೮, ೧೨.೭, ೧೬.೯, ೨೨.೯. ಒಬ್ಬನು ಹೊರಟ ಮೆಟ್ಟಿಲಿಗೆ ಇನ್ನೊಬ್ಬನು ಇಳಿದು ಬಂದಿದ್ದಾನೆ. ಇದರಲ್ಲಿ ಕಥೆಗಾರನ ಕೈವಾಡವೇನೂ ಇಲ್ಲ. ಎರಡು ಸಾಲು ಅಂಕೆಗಳಷ್ಟೇ. ನಡುವೆ ೨೦೧೫ರ ಫೆಬ್ರವರಿಯಲ್ಲಿ ಕಾರ್ಟರ್-ವಿಲಿಯಮ್ಸ್ ಮಿಲ್ವಾಕಿಗೇ ಬಂದು, ಇಬ್ಬರೂ ಒಂದೇ ತಂಡದಲ್ಲಿ ಆಡಿದರು. ಮೆಟ್ಟಿಲಿನ ನಡುವೆ ಎದುರುಬದುರಾದವರು ಏನು ಮಾತನಾಡಿಕೊಂಡರೋ.

ಆದರೆ ಅಂಕೆಗಳನ್ನು ನಂಬುವವನು ಅವುಗಳ ಹಿಂದಿನದನ್ನೂ ಕೇಳಬೇಕು. ಕಾರ್ಟರ್-ವಿಲಿಯಮ್ಸ್ ಹುಟ್ಟಿದ್ದು ೧೯೯೧ರ ಅಕ್ಟೋಬರಿನಲ್ಲಿ. ಆಟಕ್ಕೆ ಇಳಿದಾಗ ಆತನಿಗೆ ೨೨, ಯಾನಿಸನಿಗೆ ೧೮. ಒಂದೇ ‘ತರಗತಿ’ಯವರೆಂದು ನಾವು ಪಕ್ಕಪಕ್ಕ ನಿಲ್ಲಿಸಿದ್ದು ಬೆಳೆದ ಗಂಡಸನ್ನೂ ಬೆಳೆಯುತ್ತಿದ್ದ ಹುಡುಗನನ್ನೂ. ಯಾನಿಸನು ತಂಡಕ್ಕೆ ಸೇರಿದ ಮೇಲೆಯೂ ಎರಡು ಅಂಗುಲ ಬೆಳೆದನೆಂಬುದನ್ನು ನೆನೆಯಬೇಕು. ಇನ್ನು ಕಾರ್ಟರ್-ವಿಲಿಯಮ್ಸನಿಗೆ ಭುಜವೂ ಸೊಂಟವೂ ಒಂದರ ಮೇಲೊಂದು ಕೈಕೊಟ್ಟವು.

ಹಾಗಾದರೆ ಯಾನಿಸನು ಬೆಳೆದದ್ದು ಹೇಗೆ? ಮೈ ತುಂಬಿಕೊಂಡಿತು, ದುಡಿಮೆಯಿತ್ತು. ಇದು ಎಲ್ಲರೂ ಹೇಳುವ ಮಾತು. ನನಗೆ ಬೋಧಕನಾಗಿ ಹಿಡಿಸಿದ್ದು ಬೇರೊಂದು. ಮೊದಲ ವರ್ಷ ಆತ ದೂರದ ಗೆರೆಯಾಚೆಯಿಂದ, ಬಿದ್ದರೆ ಮೂರು ಅಂಕ ಬರುವ ಎಸೆತಗಳನ್ನು ೧೧೮ ಬಾರಿ ಎಸೆದು ೪೧ ಬಾರಿ ಗೆದ್ದಿದ್ದ. ಎರಡನೆಯ ವರ್ಷ ಶಿಕ್ಷಕನಾಗಿ ಬಂದ ಜೇಸನ್ ಕಿಡ್ ಅದನ್ನು ಬಿಡಿಸಿದ. ಆ ವರ್ಷ ಆತ ಎಸೆದದ್ದು ೪೪ ಮಾತ್ರ. ಬುಟ್ಟಿಯ ಬಳಿ ಹೋಗು, ಅಲ್ಲಿ ಕಲಿ ಎಂಬುದು ಪಾಠ. ಎಸೆತಗಳಲ್ಲಿ ಗುರಿ ಮುಟ್ಟಿದವು ನೂರಕ್ಕೆ ೪೧ ಇದ್ದದ್ದು ೪೯ಕ್ಕೆ ಏರಿತು. ಬಾರದಿದ್ದುದನ್ನು ಆಗಲೇ ಕಲಿಸಲು ಹೊರಡದೆ, ಬರುವಂಥದನ್ನು ಮೊದಲು ಗಟ್ಟಿಮಾಡಿದ ಗುರು ಈತ. ಛಂದಸ್ಸು ಬಾರದ ಹುಡುಗನಿಗೆ ಗದ್ಯವನ್ನಾದರೂ ಚೆನ್ನಾಗಿ ಬರೆ ಎಂದು ಹೇಳುವ ತಾಳ್ಮೆ ನನ್ನಲ್ಲಿ ಎಷ್ಟು ಸಲ ಇತ್ತು?

ಮೂರನೆಯ ವರ್ಷ, ೨೦೧೬ರ ಮೊದಲ ತಿಂಗಳುಗಳಲ್ಲಿ, ಇನ್ನೂ ವಿಚಿತ್ರವಾದುದು ನಡೆಯಿತು. ಚೆಂಡನ್ನು ಅಂಗಣದುದ್ದಕ್ಕೂ ತಟ್ಟಿಕೊಂಡು ಹೋಗಿ ಆಟವನ್ನು ಹೆಣೆಯುವ ಕೆಲಸ ಎಂದಿನಿಂದಲೂ ತಂಡದ ಗಿಡ್ಡ ಗಾರ್ಡಿನದು. ಕಿಡ್ ಅದನ್ನು ತಂದು, ಏಳಡಿಯ ಹತ್ತಿರ ಎತ್ತರವಿದ್ದ ಈ ಹುಡುಗನ ಕೈಗಿಟ್ಟ. ಬೀರು ಸರಿಸುವ ಸೋದರಮಾವನಿಗೆ ಮದುವೆಮನೆಯ ಪೂರ್ತಿ ಯಜಮಾನಿಕೆ ಒಪ್ಪಿಸಿದಂತೆ. ೨೦೧೬-೧೭ರ ಋತುವಿನಲ್ಲಿ ಆತ ಅಂಕ, ರಿಬೌಂಡ್, ಅಸಿಸ್ಟ್, ಸ್ಟೀಲ್, ಬ್ಲಾಕ್ ಎಂಬ ಐದೂ ಲೆಕ್ಕಗಳಲ್ಲಿ ತನ್ನ ತಂಡಕ್ಕೆ ಮೊದಲಿಗನಾದ. ಈ ಐದರ ಒಟ್ಟು ಮೊತ್ತದಲ್ಲಿಯೂ ಇಡೀ ಪಂದ್ಯಾವಳಿಯ ಮೊದಲ ಇಪ್ಪತ್ತರೊಳಗೆ ಬಂದ. ಅದಕ್ಕೆ ಮುಂಚೆ ಯಾರೂ ಹಾಗೆ ಬಂದಿರಲಿಲ್ಲ. ಅತ್ಯಂತ ಹೆಚ್ಚು ಸುಧಾರಿಸಿದ ಆಟಗಾರ ಎಂಬ ಪ್ರಶಸ್ತಿ ಆ ವರ್ಷ ಆತನದಾಯಿತು. ಪವರ್ ಫಾರ್ವರ್ಡ್ ಎಂಬ ಹೆಸರು ಆತನಿಗೆ ಖಾಯಮ್ಮಾಗಿ ನಿಂತದ್ದು ಅದಕ್ಕೂ ಅನಂತರ. ಅಷ್ಟು ಹೊತ್ತಿಗೆ ಆ ಹೆಸರಿನ ಅರ್ಥವೇ ಬದಲಾಗಿತ್ತು.

ಸುಧಾರಣೆಗೆಂದೇ ಒಂದು ಪ್ರಶಸ್ತಿಯಿರುವುದು ನನಗೆ ಹೊಸ ಸುದ್ದಿ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಚಿನ್ನದ ಪದಕಗಳು ಬೇಕಾದಷ್ಟಿವೆ, ಎಲ್ಲವೂ ಮೊದಲು ಬಂದವರಿಗೆ. ೨೦೧೩ರ ಆ ಒಂದೇ ತಂಡದ ಹುಡುಗರು ಈ ಪ್ರಶಸ್ತಿಯನ್ನು ಮೂರು ವರ್ಷ ಬೆನ್ನುಬೆನ್ನಿಗೆ ಪಡೆದರು: ೨೦೧೬ರಲ್ಲಿ ಹತ್ತನೆಯವನಾಗಿದ್ದ ಸಿ.ಜೆ. ಮೆಕಾಲಮ್, ೨೦೧೭ರಲ್ಲಿ ಯಾನಿಸ್, ೨೦೧೮ರಲ್ಲಿ ಎರಡನೆಯವನಾಗಿದ್ದ ವಿಕ್ಟರ್ ಒಲಡಿಪೊ. ಇಪ್ಪತ್ತೇಳನೆಯವನಾಗಿದ್ದ ಫ್ರಾನ್ಸಿನ ರೂಡಿ ಗೋಬೇರ್ ಶ್ರೇಷ್ಠ ರಕ್ಷಕನ ಪ್ರಶಸ್ತಿಯನ್ನು ಮುಂದೆ ನಾಲ್ಕು ಬಾರಿ ಪಡೆದ. ಮೆಕಾಲಮ್‌ನ ಏರಿಕೆಯನ್ನು ಮಾತ್ರ ಸ್ವಲ್ಪ ಬಿಡಿಸಿ ನೋಡಬೇಕು. ಎರಡನೆಯ ವರ್ಷ ೬.೮ ಅಂಕ, ಮೂರನೆಯ ವರ್ಷ ೨೦.೮. ಪವಾಡದಂತೆ ಕಾಣುತ್ತದೆ. ಆ ಬೇಸಗೆಯಲ್ಲಿ ಆತನ ತಂಡದ ಮೊದಲ ಐವರಲ್ಲಿ ನಾಲ್ವರು ಬಿಟ್ಟುಹೋದರು. ೧೬ ನಿಮಿಷ ಆಡುತ್ತಿದ್ದವನು ೩೫ ನಿಮಿಷ ಆಡಿದ. ಆತ ಅಷ್ಟು ಹೊತ್ತಿಗೆ ಸಿದ್ಧನಾಗಿದ್ದ, ಬಾಗಿಲು ಆಗ ತೆರೆಯಿತು. ನಾವು ಪ್ರಗತಿಯೆನ್ನುವುದರಲ್ಲಿ ಬಾಗಿಲಿನ ಪಾಲೆಷ್ಟು, ಒಳಗೆ ಬಂದವನ ಪಾಲೆಷ್ಟು?

ಬಾಗಿಲು ತೆರೆದೂ ಒಳಗೆ ಉಳಿಯಲಾಗದವನೊಬ್ಬನಿದ್ದಾನೆ. ಈ ಲೇಖನವನ್ನು ಬರೆಯಲೇಬೇಕೆನ್ನಿಸಿದ್ದು ಅವನಿಗಾಗಿ ಎಂದರೂ ಸರಿಯೇ. ಷಿಕಾಗೋದ ಜಬಾರಿ ಪಾರ್ಕರ್ ಹುಟ್ಟಿದ್ದು ೧೯೯೫ರ ಮಾರ್ಚಿ ೧೫ರಂದು. ಯಾನಿಸನಿಗಿಂತ ಮೂರು ತಿಂಗಳಿಗೆ ಚಿಕ್ಕವನು. ಪಕ್ಕಾ ಪವರ್ ಫಾರ್ವರ್ಡ್. ೨೦೧೪ರ ಪಟ್ಟಿಯಲ್ಲಿ ಎರಡನೆಯ ಹೆಸರಾಗಿ ಮಿಲ್ವಾಕಿಯೇ ಆತನನ್ನು ಆರಿಸಿತು. ಆ ಹೊತ್ತಿನಲ್ಲಿ ತಂಡದ ಭವಿಷ್ಯ ಯಾರು ಎಂದು ಕೇಳಿದ್ದರೆ ಹೆಚ್ಚು ಜನ ಪಾರ್ಕರ್ ಎನ್ನುತ್ತಿದ್ದರು. ೨೫ ಪಂದ್ಯ ಆಡುವಷ್ಟರಲ್ಲಿ, ೨೦೧೪ರ ಡಿಸೆಂಬರಿನಲ್ಲಿ, ಎಡಮೊಣಕಾಲಿನ ಒಳಗಿನ ಅಸ್ಥಿರಜ್ಜು ಹರಿಯಿತು. ಒಂದು ವರ್ಷ ಕಾದು, ಮರಳಿ ಬಂದು, ಮತ್ತೆ ಬೆಳೆದ. ಆತನ ಸಾಲನ್ನೂ ನೋಡಿ: ೧೨.೩, ೧೪.೧, ೨೦.೧. ಯಾನಿಸನ ಕೈಲಾಗದ ದೂರದ ಎಸೆತದಲ್ಲಿಯೂ ಆತ ನೂರಕ್ಕೆ ೨೬ ಇದ್ದವನು ೩೬ನ್ನು ದಾಟಿದ್ದ. ಯಾನಿಸನು ಪ್ರಶಸ್ತಿ ಪಡೆದ ಆ ೨೦೧೬-೧೭ರಲ್ಲಿಯೇ ಇದು. ಪಕ್ಕದಲ್ಲಿಯೇ ನಿಂತು ಇನ್ನೊಬ್ಬನೂ ಅಷ್ಟೇ ವೇಗದಲ್ಲಿ ಸುಧಾರಿಸುತ್ತಿದ್ದ. ೨೦೧೭ರ ಫೆಬ್ರವರಿ ೮ರಂದು ಅದೇ ಮೊಣಕಾಲು, ಅದೇ ರಜ್ಜು, ಎರಡನೆಯ ಬಾರಿ ಹರಿಯಿತು. ಆ ಮೇಲೆ ಆತ ಆ ಎತ್ತರವನ್ನು ಮುಟ್ಟಲಿಲ್ಲ. ತಂಡದಿಂದ ತಂಡಕ್ಕೆ ಹೋಗಿ, ೨೦೨೩ರಲ್ಲಿ ಬಾರ್ಸಿಲೋನಾ ಸೇರಿದ. ಯುರೋಪಿನ ಹುಡುಗ ಅಮೆರಿಕದಲ್ಲಿ ಅರಸನಾದ, ಅಮೆರಿಕದ ಹುಡುಗ ಯುರೋಪಿಗೆ ಬಂದ.

ಇಬ್ಬರನ್ನೂ ಇಂದು ಹೋಲಿಸುವವರು ಒಬ್ಬನ ಛಲವನ್ನು ಹೊಗಳಿ ಇನ್ನೊಬ್ಬನನ್ನು ಮರೆಯುತ್ತಾರೆ. ಆದರೆ ೨೦೨೧ರ ಜೂನ್ ೨೯ರಂದು, ಅಂತಿಮ ಹಣಾಹಣಿಗೆ ಮುನ್ನ, ಯಾನಿಸನ ಎಡಮೊಣಕಾಲೂ ಹಿಮ್ಮುಖವಾಗಿ ಬಾಗಿತು. ಆ ದೃಶ್ಯವನ್ನು ನಾನು ಎರಡನೆಯ ಸಲ ನೋಡಲಾರೆ. ರಜ್ಜು ಹರಿದಿರಲಿಲ್ಲ. ಒಂದು ವಾರದಲ್ಲಿ ಆತ ಮತ್ತೆ ಆಡಿದ. ಹರಿಯದೆ ಉಳಿದ ಆ ನೂಲಿಗೆ ಯಾವ ಶೀಲದ, ಯಾವ ಶ್ರಮದ ಹೆಸರಿಡೋಣ?

ಇನ್ನೊಂದು ಸಂಗತಿಯನ್ನು ಹೇಳದಿದ್ದರೆ ಚಿತ್ರ ಸುಳ್ಳಾಗುತ್ತದೆ. ಎಲ್ಲದರಲ್ಲಿಯೂ ಮುಂದೆ ಹೋದ ಈ ಆಟಗಾರ ಒಂದರಲ್ಲಿ ಹಿಂದೆ ಬಂದ. ಎದುರಾಳಿ ತಪ್ಪು ಮಾಡಿದಾಗ, ಗೆರೆಯ ಬಳಿ ಒಬ್ಬನೇ ನಿಂತು, ಯಾರ ಅಡ್ಡಿಯೂ ಇಲ್ಲದೆ ಎಸೆಯುವ ಫ್ರೀ ಥ್ರೋ ಇದೆಯಷ್ಟೆ; ೨೦೧೬-೧೭ರಲ್ಲಿ ಆತ ನೂರಕ್ಕೆ ೭೭ ಹಾಕುತ್ತಿದ್ದ. ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿಯನ್ನು ೨೦೧೯ರಲ್ಲಿಯೂ ೨೦೨೦ರಲ್ಲಿಯೂ ಪಡೆದವನು, ಆ ಎರಡನೆಯ ವರ್ಷದಲ್ಲಿ ಫ್ರೀ ಥ್ರೋದಲ್ಲಿ ೬೩ಕ್ಕೆ ಇಳಿದಿದ್ದ. ಹತ್ತು ಸೆಕೆಂಡಿನೊಳಗೆ ಎಸೆಯಬೇಕೆಂಬುದು ನಿಯಮ. ಈತ ನಿಧಾನಿಸುತ್ತಾನೆಂದು ೨೦೨೧ರಲ್ಲಿ ಎದುರಾಳಿಗಳ ಊರಿನ ಪ್ರೇಕ್ಷಕರು ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಿ ಕಾಡಿದರು. ಇಡೀ ಸಭೆ ಎಣಿಸುತ್ತಿರುವಾಗ ಒಬ್ಬನೇ ನಿಲ್ಲುವುದು ಎಂಥ ಪರೀಕ್ಷೆ ಎಂಬುದು, ತರಗತಿಯಲ್ಲಿ ಎದ್ದು ನಿಂತು ಉತ್ತರ ಬಾರದೆ ನಿಂತ ಯಾರಿಗಾದರೂ ಗೊತ್ತು. ಜುಲೈ ೨೦ರ ಕೊನೆಯ ಪಂದ್ಯ ಮಿಲ್ವಾಕಿಯಲ್ಲಿಯೇ ನಡೆಯಿತು. ಫೀನಿಕ್ಸ್ ತಂಡದ ವಿರುದ್ಧ ಆತ ೫೦ ಅಂಕ ಗಳಿಸಿದ. ೧೯ ಫ್ರೀ ಥ್ರೋಗಳಲ್ಲಿ ೧೭ ಬಿದ್ದವು. ಐವತ್ತು ವರ್ಷಗಳ ಮೇಲೆ ಮಿಲ್ವಾಕಿ ಚಾಂಪಿಯನ್ ಆಯಿತು. ಮುಂದಿನ ವರ್ಷಗಳಲ್ಲಿ ಆ ಎಸೆತ ಮತ್ತೆ ಹಳೆಯ ಚಾಳಿಗೇ ಮರಳಿತೆಂಬುದನ್ನೂ ಹುಡುಗ ಪ್ರಾಮಾಣಿಕವಾಗಿ ಗುರುತು ಹಾಕಿಟ್ಟಿದ್ದಾನೆ.

ನೋಟುಪುಸ್ತಕವನ್ನು ಮುಗಿಸಿದ ದಿನ ನಾನು ಹಳೆಯ ಅಂಕಪಟ್ಟಿಗಳನ್ನು ಹುಡುಕಿ ತೆಗೆದೆ. ಕನ್ನಡದಲ್ಲಿ ಆ ಹುಡುಗನಿಗೆ ಮೊದಲ ಪರೀಕ್ಷೆಯಲ್ಲಿ ೩೫, ಅನಂತರ ೪೧, ಆಮೇಲೆ ೪೭. ತರಗತಿಯ ಸರಾಸರಿ ೫೮ರ ಆಸುಪಾಸಿನಲ್ಲಿಯೇ ಕೂತಿತ್ತು. ಮೇಲಿನ ಬೆಂಚಿನ ಇಬ್ಬರು ೭೪ರಿಂದ ೭೦ಕ್ಕೆ ಜಾರಿದ್ದರು, ಅವರಿಗೆ ನಾನು ‘ಉತ್ತಮ ಪ್ರಗತಿ’ ಎಂದು ಬರೆದಿದ್ದೆ. ಅವನನ್ನು ಕರೆಸಿ, “ನಾನು ಬರೆದದ್ದು ತಪ್ಪಾಗಿತ್ತಪ್ಪ,” ಎಂದೆ. ಅವನು ತಲೆ ತಗ್ಗಿಸಿ, “ಪರವಾಗಿಲ್ಲ ಸಾರ್, ಅಪ್ಪ ಆಗಲೇ ರುಜು ಹಾಕಿಬಿಟ್ಟರು,” ಎಂದ.

ಅವನು ಯಾನಿಸನಾಗುತ್ತಾನೆಂದು ನಾನು ಹೇಳುತ್ತಿಲ್ಲ, ಅವನೂ ಹೇಳುತ್ತಿಲ್ಲ. ಕಾಲೇಜಿನ ತಂಡದಲ್ಲಿ ಅವನು ಇಂದಿಗೂ ಎಂಟನೆಯ ಆಟಗಾರ. ಸಂಜೆ ನಾಲ್ಕೂವರೆಗೆ ಸಿಮೆಂಟಿನ ಅಂಗಳದಲ್ಲಿ ಚೆಂಡಿನ ಸದ್ದು ಕೇಳಿದರೆ ಈಗ ನಾನು ಕಿಟಕಿ ಹಾಕುವುದಿಲ್ಲ. ಒಂದು ದಿನ ಇಳಿದು ಹೋಗಿ, ಫ್ರೀ ಥ್ರೋ ಹತ್ತಕ್ಕೆ ಎಷ್ಟು ಬೀಳುತ್ತದೆ ಎಂದು ಕೇಳಿದೆ. “ಆರು ಸಾರ್,” ಎಂದ. ಹೋದ ವರ್ಷ ಎಷ್ಟಿತ್ತು ಎಂದರೆ, ನಕ್ಕು, “ನಂದು ಬರೆದಿಟ್ಟಿಲ್ಲ ಸಾರ್,” ಎಂದ.

ಈ ವರ್ಷದ ಪ್ರಗತಿಪತ್ರಗಳು ಮೊನ್ನೆ ನನ್ನ ಮೇಜಿಗೆ ಬಂದವು. ಪ್ರತಿಯೊಂದರ ಪಕ್ಕದಲ್ಲಿಯೂ ಹಿಂದಿನ ವರ್ಷದ ಪಟ್ಟಿಯನ್ನಿಟ್ಟುಕೊಂಡು ಬರೆಯಲು ಕೂತರೆ ನೂರು ಪತ್ರಗಳಿಗೆ ನಾಲ್ಕು ದಿನ ಹಿಡಿಯಿತು. ಏಕೆ ತಡವೆಂದು ಕೇಳಿಸಲು ಕಚೇರಿಯಿಂದ ಎರಡು ಸಲ ಅಟೆಂಡರನನ್ನು ಕಳುಹಿಸಿದ್ದರು.